ಬಲಗಾಲಿನ ಹಿಮ್ಮಡಿ

ಖಾನಾಪುರ
ರವಿವಾರ ಮಧ್ಯಾಹ್ನ, ಜನವರಿ ೧೯೭೯

ಪ್ರೀತಿಯ ಬಸಲಿಂಗಣ್ಣನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಾಗಿಲ್ಲ. ನೀನು ಬೆಳಗಾವಿಯ ಗಾಡಿ ಹತ್ತಿ ಇನ್ನೂ ಒಂದು ಊಟದ ಹೊತ್ತು ಕಳೆದಿಲ್ಲ. ಎಲ್ಲರನ್ನೂ ನೋಡಿಯೇ ಹೋಗಿದ್ದೀ. ನೀನು ಎದುರಿಗಿದ್ದಾಗ ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಇವತ್ತು ಮುಂಜಾನೆ ಅಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಬಸಿಯಲ್ಲಿ ಇನ್ನೂ ಚಹಾ ಇತ್ತು. ಅಂಗಡಿ ತೆಗೆಯುವ ಹೊತ್ತು ಆಗಿರಲಿಲ್ಲ, ಏಳುತ್ತೇನೆಂದು ಅವರು ಹೇಳಿಯೂ ಇರಲಿಲ್ಲ. ಎದುರಿಗೆ ಕುಳಿತು ಅವಲಕ್ಕಿ ತಿನ್ನುತ್ತಿದ್ದ ನೀನು ಕೈ ಚಾಚಿ ಗೂಟದ ಮೇಲಿನ ಟೊಪ್ಪಿಗೆ ತೆಗೆದು ಅವರ ಮುಂದೆ ಹಿಡಿದೆ. ಅಪ್ಪ ಎದ್ದದ್ದು ಆಮೇಲೆ. ‘ನಾ ಏಳ್ತೀನಂತ ನಿನಗ ಹೆಂಗ ಗೊತ್ತಾತೋ?’ ಎಂದು ಅವರು ನಕ್ಕರು, ನೀನೂ ನಕ್ಕೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬರಲಿಲ್ಲ. ನೀನು ಅಪ್ಪನ ಮುಖ ನೋಡುತ್ತಿರಲಿಲ್ಲ, ಅಣ್ಣಾ. ಅವರ ಧೋತರದ ಅಂಚಿನ ಕೆಳಗೆ, ಹಿಮ್ಮಡಿ ನೋಡುತ್ತಿದ್ದೆ. ಅದು ನೆಲ ಬಿಟ್ಟದ್ದೇ ನಿನ್ನ ಕೈ ಗೂಟಕ್ಕೆ ಹೋಯಿತು. ಹಾಗೆ ನೋಡುತ್ತಿದ್ದೇನೆಂಬುದು ನಿನಗೇ ತಿಳಿದಿತ್ತೋ ಇಲ್ಲವೋ. ಆ ನೋಟದ ಗುರುತು ನನಗೆ ಸಿಕ್ಕಿತು. ಅದು ನನ್ನಿಂದ ನಿನಗೆ ಹೋದದ್ದು.

ದೀಪಾವಳಿಯಿಂದ ಈಚೆಗೆ ನನಗೆ ನಿನ್ನ ಮೇಲೆ ಸಂಶಯ. ಸುತ್ತಿ ಬಳಸಿ ಬರೆದರೆ ನನ್ನ ಧೈರ್ಯ ಸೋರಿಹೋಗುತ್ತದೆ, ಅದಕ್ಕೆ ಮೊದಲೇ ಬರೆಯುತ್ತೇನೆ. ನನ್ನ ಮದುವೆಯ ಮಾತನ್ನು ನೀನು ಒಂದು ಬಾಸ್ಕೆಟ್‌ಬಾಲ್ ಆಟದ ಸಲುವಾಗಿ ಎಳೆಯುತ್ತಿದ್ದೀ. ಬರುವ ಗುರುವಾರ ಆ ಆಟ ಮುಗಿಯುತ್ತದೆ, ಶುಕ್ರವಾರ ಮಾತು ಮುರಿಯುತ್ತೀ. ಹೀಗೆಂದು ನನಗೆ ಅನ್ನಿಸಿದೆ. ತಪ್ಪಾಗಿದ್ದರೆ ನಿನ್ನ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ. ನನ್ನನ್ನು ಬಿ.ಎ. ಓದಿಸಲು ಅಪ್ಪನೆದುರು ನಿಂತವನು ನೀನು. ಕನ್ನಡ ಓದಿ ಏನು ಮಾಡುತ್ತಾಳೆ ಎಂದು ಓಣಿಯವರು ಕೇಳಿದಾಗ ‘ಓದ್ತಾಳ, ಮತ್ತೇನ್ ಮಾಡ್ತಾಳ’ ಎಂದು ಉತ್ತರ ಕೊಟ್ಟು, ನನ್ನ ಟ್ರಂಕು ಹೆಗಲ ಮೇಲಿಟ್ಟುಕೊಂಡು ಬೆಳಗಾವಿಯ ಸ್ಟೇಶನ್ನಿನಿಂದ ಹಾಸ್ಟೆಲಿನ ತನಕ ನಡೆದವನು ನೀನು. ಅಂಥ ನಿನ್ನ ಮೇಲೆ ಸಂಶಯಪಡುವುದು ನನಗೆ ಸುಲಭವಾಗಿಲ್ಲ. ಪ್ರತಿಯೊಂದನ್ನೂ ಮೊದಲು ನಿನ್ನ ಪರವಾಗಿ ತಿರುಗಿಸಿ ನೋಡಿದ್ದೇನೆ.

ಹೋದ ವರ್ಷ ಕಾಲೇಜುಗಳ ನಡುವೆ ನಡೆದ ಫೈನಲ್ಲಿನಿಂದ ಹೇಳುತ್ತೇನೆ. ನಾನು ಆಗ ಹಾಸ್ಟೆಲಿನಲ್ಲಿದ್ದೆ, ಗೆಳತಿಯರ ಹಿಂದೆ ಅಡಗಿ ಕುಳಿತು ಆಟ ನೋಡಿದೆ. ಧಾರವಾಡದ ತಂಡದಲ್ಲಿ ಬಾಳಪ್ಪ ಎಂಬ ಎತ್ತರದ ಹುಡುಗ. (ಹೆಸರು ಹಿಡಿದೇ ಬರೆಯುತ್ತೇನೆ. ಮಾತು ಗಟ್ಟಿಯಾಗಿ ಸಕ್ಕರೆ ಹಂಚಿದ ಮೇಲೆ ಬರೆಯಲು ಬಿಡಲಿಕ್ಕಿಲ್ಲ.) ಅವರನ್ನು ತಡೆಯುವ ಕೆಲಸ ನಿನ್ನದಾಗಿತ್ತು. ಅವರು ಭುಜ ಒಂದು ಕಡೆ ವಾಲಿಸುತ್ತಿದ್ದರು, ಬಾಲನ್ನೂ ಆ ಕಡೆ ಒಯ್ಯುತ್ತಿದ್ದರು, ನೀನು ಅತ್ತ ಹಾರುತ್ತಿದ್ದೆ. ಅಷ್ಟರಲ್ಲಿ ಅವರು ಇನ್ನೊಂದು ಕಡೆಯಿಂದ ಹೋಗಿ ರಿಂಗಿನ ಕೆಳಗಿರುತ್ತಿದ್ದರು. ಅದೇ ಹುಸಿ ಹೆಜ್ಜೆಗೆ ನೀನು ಮತ್ತೆ ಮತ್ತೆ ಬಿದ್ದೆ. ಹಿಂದಿನಿಂದ ಯಾವನೋ ಕೂಗಿದ: ‘ಏ ಬಸಲಿಂಗಾ, ಅಂವ ಇತ್ತಾಗ ಹ್ವಾದ, ನೀ ಅತ್ತಾಗ ಯಾರನ್ನ ಹುಡಕಾಕತ್ತೀ?’ ಇಡೀ ಮೈದಾನ ನಕ್ಕಿತು. ನೀನು ನಮ್ಮ ಕಡೆ ತಿರುಗಿ ನೋಡಲಿಲ್ಲ. ಆ ಸಲ ಯುನಿವರ್ಸಿಟಿಯ ತಂಡಕ್ಕೆ ಬಾಳಪ್ಪ ಆಯ್ಕೆಯಾದರು, ನೀನಾಗಲಿಲ್ಲ. ಮುಂದಿನ ರವಿವಾರ ನೀನು ಮನೆಗೆ ಬರಲಿಲ್ಲ, ಅದರ ಮುಂದಿನ ರವಿವಾರವೂ ಬರಲಿಲ್ಲ. ನಾನೊಬ್ಬಳೇ ಬಂದದ್ದು ಯಾಕೆಂದು ಅಪ್ಪ ಅವ್ವ ಕೇಳಿದಾಗ ಪರೀಕ್ಷೆಯ ಓದು ಎಂದು ನಾನೇ ಸುಳ್ಳು ಹೇಳಿದೆ.

ದೀಪಾವಳಿಗೆ ಸ್ವಲ್ಪ ಮೊದಲು ಭೀಮಕ್ಕತ್ತೆ ಬೆಳಗಾವಿಯಿಂದ ನನಗೊಂದು ಸಂಬಂಧ ತಂದಾಗ, ಆ ಹುಡುಗ ಅದೇ ಬಾಳಪ್ಪ ಎಂಬುದು ಅವರಿಗೆ ಗೊತ್ತಿರಲಿಲ್ಲ. ಪಾಪ, ಅವರ ಪಾಲಿಗೆ ಅದು ಬೈಲಹೊಂಗಲದ ಕಡೆಯ ಒಂದು ಮನೆತನ, ಲಾ ಓದುವ ಹುಡುಗ, ಬೆಳಗಾವಿಯ ಶಹಾಪುರದಲ್ಲಿ ಕಾಕಾ ಇದ್ದಾನೆ, ಅಷ್ಟೇ. ಹೆಸರು, ಕಾಲೇಜು ಕೇಳಿದ್ದೇ ನೀನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಇನ್ನು ನೀನು ಬೇಡ ಎನ್ನುತ್ತೀ ಎಂದು ನಾನು ಕಾಯ್ದೆ. ನೀನು, ‘ಬರಲಿ ಬಿಡ್ರಿ, ನೋಡೂಣು’ ಎಂದೆ. ಆಗ ನನಗೆ ನಿನ್ನ ಮೇಲೆ ಹೆಮ್ಮೆಯಾಯಿತು, ನಮ್ಮಣ್ಣ ಆಟದ ಸಿಟ್ಟನ್ನು ಮನೆಯೊಳಗೆ ತರಲಿಲ್ಲ ಎಂದು.

ಅವರು ನೋಡಲು ಬಂದ ದಿನ ನಿನಗೂ ನೆನಪಿದೆ. ಬಾಳಪ್ಪ ಮತ್ತು ಅವರ ಕಾಕಾ ಖುರ್ಚಿಯ ಮೇಲೆ, ನಾನು ಎದುರಿಗೆ ಚಾಪೆಯ ಮೇಲೆ, ತಲೆಯ ಮೇಲೆ ಸೆರಗು. ಹೆಸರು ಕೇಳಿದರು, ಹೇಳಿದೆ. ಓದು ಕೇಳಿದರು, ಹೇಳಿದೆ. ‘ಮುಖ ಮ್ಯಾಲ ಮಾಡವಾ’ ಎಂದು ಅತ್ತೆ ಅಂದಾಗ ಮುಖ ಎತ್ತಿದೆ, ಆದರೆ ಕಣ್ಣು ಅವರ ಮೊಣಕಾಲಿನಿಂದ ಮೇಲಕ್ಕೆ ಹೋಗಲಿಲ್ಲ. ಹೀಗಾಗಿ ನಾನು ಆ ದಿನ ನೋಡಿದ್ದು ಎರಡು ಪಾದಗಳನ್ನು ಮಾತ್ರ. ಚಪ್ಪಲಿಯ ಪಟ್ಟಿಯ ಗುರುತು ಬಿಳಿಯಾಗಿ ಬಿದ್ದಿದ್ದ, ದೊಡ್ಡ, ಸ್ವಚ್ಛವಾದ ಪಾದಗಳು. ಅವರು ‘ಬರ್ತೀವ್ರಿ’ ಎಂದು ಮೊಣಕಾಲ ಮೇಲೆ ಕೈಯಿಟ್ಟು ಭುಜ ಮುಂದೆ ತಂದರು. ಅಪ್ಪ ‘ಕುಂದರ್ರಿ, ಚಹಾ ಆಗಲಿ’ ಎಂದರು. ಕುಳಿತರು. ಚಹಾ ಆದ ಮೇಲೆ ಮತ್ತೆ ‘ಬರ್ತೀವ್ರಿ’, ಮತ್ತೆ ‘ಕುಂದರ್ರಿ, ಉಂಡಿ ತಿನ್ರಿ’. ಆ ಎಲ್ಲ ಸಲವೂ ಅವರ ಬಲಗಾಲಿನ ಹಿಮ್ಮಡಿ ನೆಲಕ್ಕೆ ಅಂಟಿಕೊಂಡೇ ಇತ್ತು. ಕೊನೆಗೊಮ್ಮೆ, ಅವರು ಇನ್ನೂ ಬಾಯಿ ತೆರೆದಿರಲಿಲ್ಲ, ಆ ಹಿಮ್ಮಡಿ ಒಂದಿಷ್ಟು ಮೇಲೆದ್ದಿತು. ಇನ್ನು ಇವರು ಖರೇನೇ ಏಳುತ್ತಾರೆ ಅಂದುಕೊಂಡೆ. ಎದ್ದರು.

ಅವರು ಹೋದ ಮೇಲೆ ಹುಡುಗ ಹೇಗಿದ್ದಾನೆ ಎಂದು ಎಲ್ಲರೂ ನನ್ನನ್ನು ಸುತ್ತುಗಟ್ಟಿದರಲ್ಲ. ಮೂಗು ಹೇಗಿದೆ, ಬಣ್ಣ ಹೇಗಿದೆ ಎಂದು ಅತ್ತೆ ಕೇಳಿದರು. ನಾಚಿಕೆಯಿಂದ ತಪ್ಪಿಸಿಕೊಳ್ಳಲು ನಾನು ಕಂಡದ್ದನ್ನೇ ಹೇಳಿದೆ: ಸುಳ್ಳು ಸುಳ್ಳು ಏಳುವಾಗ ಹಿಮ್ಮಡಿ ಏಳುವುದಿಲ್ಲ, ಖರೇ ಏಳುವಾಗ ಮೊದಲು ಅದೇ ಏಳುತ್ತದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ‘ಗಂಡು ನೋಡಂದ್ರ ಹಿಮ್ಮಡಿ ನೋಡ್ಯಾಳ್ರೀ ನಮ್ಮ ಚಂದ್ರಿ, ಇಕೀಗೆ ಚಪ್ಪಲಿ ಹೊಲಿಯಾಂವನ್ನ ಹುಡಕಬೇಕಾಗಿತ್ತು’ ಎಂದು ಅತ್ತೆ ಚಾಪೆಯ ಮೇಲೆ ಉರುಳಿದರು. ಅಪ್ಪನೂ ನಕ್ಕರು. ನೀನೊಬ್ಬ ನಗಲಿಲ್ಲ.

‘ಯಾವ ಕಾಲು?’ ಎಂದು ನೀನು ಕೇಳಿದೆ.

ನಗುವಿನ ನಡುವೆ ಯಾರೂ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಬಲಗಾಲು ಎಂದು ನಾನು ಹೇಳಿದೆ. ನೀನು ತಲೆ ಅಲ್ಲಾಡಿಸಿ ಹಿತ್ತಿಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅಕ್ಕಿಯ ಕೋಣೆಯ ಹಿಂಗೋಡೆಗೆ ಏನೋ ಬಡಿಯುವ ಸದ್ದು ಕೇಳಿತು. ಪೀಪಾಯಿಯ ಪಟ್ಟಿ ಬಗ್ಗಿಸಿ ಮಾಡಿದ ನಿನ್ನ ಹಳೆಯ ರಿಂಗು ಸಡಿಲಾಗಿ ಎಷ್ಟೋ ದಿನವಾಗಿತ್ತು. ಅದಕ್ಕೆ ನೀನು ಅವತ್ತೇ ಹೊಸ ಮೊಳೆ ಹೊಡೆದೆ.

ಅವರ ಮನೆಯಿಂದ ಹುಡುಗಿ ಒಪ್ಪಿಗೆ ಎಂದು ಲಗೂನೆ ಹೇಳಿ ಕಳಿಸಿದರು. ಅಪ್ಪ ಸಕ್ಕರೆ ಒಯ್ದುಕೊಟ್ಟು ಮಾತು ಗಟ್ಟಿ ಮಾಡಲು ತಯಾರಿದ್ದರು. ಅಡ್ಡ ಬಂದವನು ನೀನು. ‘ಏನ್ ಅವಸರ ಐತ್ರಿ ಅಪ್ಪಾ? ಜನವರಿ ದಾಟಲಿ’ ಎಂದೆ. ಈ ಮನೆಯಲ್ಲಿ ನೀನು ಯಾವ ಲಗ್ನದ ಬಗ್ಗೆಯೂ, ಯಾವ ಹಬ್ಬದ ಬಗ್ಗೆಯೂ ಒಂದು ಮಾತು ಆಡಿದವನಲ್ಲ. ನಿನಗೆ ಇದ್ದಕ್ಕಿದ್ದಂತೆ ಜನವರಿ ಯಾಕೆ ಬೇಕಾಯಿತು? ಅವರದು ಪರೀಕ್ಷೆಯ ವರ್ಷ ಎಂದು ನೀನು ಕಾರಣ ಕೊಟ್ಟೆ. ಪರೀಕ್ಷೆ ಏಪ್ರಿಲ್‌ನಲ್ಲಿ, ಅಣ್ಣಾ. ಜನವರಿಯಲ್ಲಿರುವುದು ಫೈನಲ್.

ಆಮೇಲೆ ನೀನು ಬಾಳಪ್ಪನವರನ್ನು ಮನೆಗೆ ಕರೆತರತೊಡಗಿದೆ. ಅವರು ಶಹಾಪುರದ ಕಾಕಾನ ಮನೆಗೆ ಬಂದು ಧಾರವಾಡಕ್ಕೆ ತಿರುಗಿ ಹೋಗುವ ರವಿವಾರ ನೀನು ಅದೇ ಗಾಡಿಯಲ್ಲಿರುತ್ತಿದ್ದೆ. ಖಾನಾಪುರದಲ್ಲಿ ಇಳಿಸಿಕೊಂಡು, ಮುಂದಿನ ಗಾಡಿಗೆ ಹೋದರಾಯಿತು ಎನ್ನುತ್ತಿದ್ದೆ. ಮಾತು ಗಟ್ಟಿಯಾಗುವ ಮೊದಲೇ ಹುಡುಗ ಹೀಗೆ ಬಂದು ಹೋಗುವುದು ಸರಿಯಲ್ಲ ಎಂದು ಭೀಮಕ್ಕತ್ತೆ ಸಿಟ್ಟಾದರು. ‘ಅಂವ ಚಂದ್ರಿ ನೋಡಾಕ ಬರೂದಿಲ್ಲ ಅತ್ತಿ, ನನ್ನ ಗೆಳ್ಯಾ ಅಂತ ಬರ್ತಾನ’ ಎಂದು ನೀನು ಅವರ ಬಾಯಿ ಮುಚ್ಚಿಸಿದೆ. ಗೆಳೆತನ ಯಾವಾಗ ಆಯಿತು, ಎಲ್ಲಿ ಆಯಿತು ಎಂದು ಯಾರೂ ಕೇಳಲಿಲ್ಲ.

ಹಿತ್ತಿಲಿನಲ್ಲಿ ನೀವಿಬ್ಬರೂ ಆಡುವುದನ್ನು ನಾನು ಅಕ್ಕಿಯ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಪ್ರತಿ ಸಲ ಬಾಲು ಅವರ ಕೈಯಲ್ಲಿ, ತಡೆಯುವವನು ನೀನು. ‘ಯಾವಾಗ್ಲೂ ನಾನ ಹೊಡೀಬೇಕೇನೋ? ಒಮ್ಮಿ ನೀನೂ ಹೊಡಿ’ ಎಂದು ಅವರು ನಗುತ್ತಿದ್ದರು. ನೀನು, ‘ನೀ ಹೊಡಿ, ನಾ ಕಲೀತೀನಿ’ ಎನ್ನುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಒಂದು ಸಂಜೆ ನಾನು ನೋಡಿದ್ದನ್ನು ಮರೆಯಲಾಗಿಲ್ಲ. ಅವರು ಭುಜ ಬಲಕ್ಕೆ ವಾಲಿಸಿದರು, ಹಿಮ್ಮಡಿ ಏಳಲಿಲ್ಲ. ಅದು ಹುಸಿ ಎಂದು ನಿನಗೆ ತಿಳಿಯಿತು. ನಿನ್ನ ಮೈ ನಿಂತಲ್ಲೇ ನಿಂತಿತು, ಕಣ್ಣು ಅವರ ಕಾಲ ಮೇಲೆ. ಹಾಗೇ ಇದ್ದಿದ್ದರೆ ಬಾಲು ನಿನ್ನದಾಗುತ್ತಿತ್ತು. ಆದರೆ ಮರುಕ್ಷಣ ನೀನು ಬೇಕೆಂದೇ ತಪ್ಪು ಕಡೆ ಹಾರಿದೆ. ಅವರು ಹಾದುಹೋಗಿ ಬಾಲು ಹಾಕಿದರು, ನಿನ್ನ ಬೆನ್ನು ಚಪ್ಪರಿಸಿದರು. ನೀನು ಸೋತವನ ಹಾಗೆ ತಲೆ ಕೆರೆದುಕೊಂಡೆ. ಕಲಿತದ್ದನ್ನು ಬಚ್ಚಿಡಬೇಕಾದರೆ ಅದನ್ನು ಬೇರೆ ಯಾವುದೋ ದಿನಕ್ಕೆಂದು ಕಾದಿಟ್ಟಿರಬೇಕು. 

ಆಮೇಲೆ ನಾನು ಡಿಸೆಂಬರಿನಲ್ಲಿ ಅತ್ತೆಯ ಮನೆಯಲ್ಲಿದ್ದಾಗ ನಿಮ್ಮ ತಂಡದ ಆಟಗಳನ್ನು ನೋಡಿದೆ. ನಿಮ್ಮ ಡಿಫೆನ್ಸ್ ಸುಧಾರಿಸಿದ್ದನ್ನು ಊರೆಲ್ಲ ಹೊಗಳುತ್ತಿತ್ತು, ನಾನೂ ಮೊದಲು ಹಿಗ್ಗಿದೆ. ಒಂದು ವರ್ಷದ ಹಿಂದೆ ನೀವು ಐವರೂ ಬಾಲು ಹೋದ ಕಡೆ ಕುರಿಮಂದೆಯ ಹಾಗೆ ಓಡುತ್ತಿದ್ದಿರಿ. ಈಗ ಒಬ್ಬೊಬ್ಬರೂ ತಮ್ಮ ತಮ್ಮ ಮನುಷ್ಯನನ್ನು ಬಿಡದೆ, ಮೊಣಕಾಲು ಮಡಿಸಿ, ಅಡ್ಡಡ್ಡ ಸರಿಯುತ್ತ ಇರುತ್ತಿದ್ದಿರಿ. ಒಬ್ಬ ತಪ್ಪಿದರೆ ಪಕ್ಕದವನು ಆಗಲೇ ಅಲ್ಲಿರುತ್ತಿದ್ದ. ಎದುರಿನವರಿಗೆ ಬಾಲು ಹಿಡಿದು ನಿಲ್ಲುವುದೇ ಬೇಸರವಾಗುವ ಹಾಗೆ ಮಾಡುತ್ತಿದ್ದಿರಿ. ಆಟ ಕಲಿಸುವ ಬುರಾನುದ್ದೀನ ಸರ್ ನಿಮ್ಮ ಕೈಗಳನ್ನು ಟಾವೆಲಿನಿಂದ ಬೆನ್ನ ಹಿಂದೆ ಕಟ್ಟಿಸಿ ತಡೆಯಲು ಹಚ್ಚುವುದನ್ನು ಮೈದಾನದ ಕಟ್ಟೆಯಿಂದ ನಾನೇ ನೋಡಿದ್ದೆ. ಕೈ ಬಿಟ್ಟರೆ ನೀವು ಕೈಗೆ ಕೆಲಸ ಕೊಟ್ಟು ಕಾಲಿಗೆ ಸೂಟಿ ಕೊಡುತ್ತೀರಿ ಎಂದು ಅವರು ಬೈಯುತ್ತಿದ್ದರು. ಈ ಸುಧಾರಣೆ ಆ ಟಾವೆಲಿನದೇ ಎಂದು ನಂಬಲು ನನಗೆ ಆಸೆಯಿತ್ತು. ಸ್ವಲ್ಪ ಅದರದೂ ಇರಬಹುದು.

ಆದರೆ ಹೋದ ವಾರ ಹುಬ್ಬಳ್ಳಿಯವರ ಮೇಲೆ ಸೆಮಿಫೈನಲ್ ಆಡಿದಿರಲ್ಲ, ಅವತ್ತು ನಾನು ಅತ್ತೆಯ ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಎದುರಿನವನು ಬಾಲು ಹಿಡಿದು ಬರುತ್ತಾನೆ, ನಮ್ಮ ಐವರೂ ತಲೆ ತಗ್ಗಿಸುತ್ತಾರೆ. ಯಾರೂ ಮುಖ ನೋಡುವುದಿಲ್ಲ, ಬಾಲು ನೋಡುವುದಿಲ್ಲ. ಗದ್ದ ಎದೆಗೆ ಹತ್ತಿಸಿಕೊಂಡು ಎದುರಿನವನ ಪಾದ ನೋಡುತ್ತಾರೆ. ಚಾಪೆಯ ಮೇಲೆ ಸೆರಗು ಹೊದ್ದು ಕುಳಿತ ನನ್ನನ್ನೇ ಯಾರೋ ಐದು ಕಡೆ ನಿಲ್ಲಿಸಿದ ಹಾಗಿತ್ತು. ಹುಬ್ಬಳ್ಳಿಯವರು ದಿಕ್ಕು ತಪ್ಪಿದರು. ಜನ ಚಪ್ಪಾಳೆ ಹೊಡೆದರು, ಅತ್ತೆಯೂ ಹೊಡೆದರು. ನನ್ನ ಕೈ ಮೇಲೇಳಲಿಲ್ಲ.

ಆಟ ಮುಗಿದು ನಾವು ಬಸ್ಸಿಗೆ ಹೊರಟಾಗ ನಿನ್ನ ತಂಡದ ಗೆಳೆಯ ಕಲಂದರ ಬೆವರು ಒರೆಸಿಕೊಳ್ಳುತ್ತ ಓಡಿಬಂದ. ಅತ್ತೆ ಮುಂದೆ ಹೋಗಿ ಬಸ್ಸು ವಿಚಾರಿಸುತ್ತಿದ್ದರು. ಅವನು ಖಾರ ಭಡಂಗ ಚುರುಮುರಿಯ ಪೊಟ್ಟಣ ನನ್ನ ಕೈಗೆ ಕೊಟ್ಟು, ‘ತಂಗ್ಯವ್ವಾ, ನಿನ್ನ ಕಣ್ಣಿಗೊಂದು ಸಲಾಂ. ಸರ್ ಸೀಟಿ ಊದಿ ಊದಿ ಕಲಿಸಲಾರದ್ದನ್ನ ನೀ ಚಾಪಿ ಮ್ಯಾಲೆ ಕುಂತು ಕಲಿಸಿದಿ. ಗುರುವಾರ ಆ ಬಾಳಪ್ಪನ ಹಿಮ್ಮಡಿ ಏಳೂತನಕಾ ನಮ್ಮೊಳಗ ಒಬ್ಬಾಂವನೂ ಅಲ್ಲಾಡೂದಿಲ್ಲ ನೋಡು’ ಎಂದ. ಅವನ ಮುಖದಲ್ಲಿ ಕಪಟ ಇರಲಿಲ್ಲ, ನನ್ನನ್ನು ಹೊಗಳುತ್ತಿದ್ದೇನೆಂದೇ ತಿಳಿದಿದ್ದ. ಹಿಂದೆ ನಿಂತಿದ್ದ ನೀನು, ‘ಬಾಯಿ ಮುಚ್ಚಲೇ ಕಲಂದರ’ ಎಂದೆ. ನಗುತ್ತ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ನೀನು ನಗುತ್ತಿರಲಿಲ್ಲ, ಮತ್ತು ನನ್ನ ಕಡೆ ನೋಡಲಿಲ್ಲ.

ಈಗ ಬಾಳಪ್ಪನವರ ವಿಷಯ. ಹಿತ್ತಿಲಿನಲ್ಲಿ ಒಮ್ಮೆ ನೀರು ಕೇಳಿದಾಗ ಅವ್ವ ನನ್ನ ಕೈಯಲ್ಲಿ ಕಳಿಸಿದಳು. ನೀನು ಬಾಲು ತರಲು ಬಾವಿಯ ಕಡೆ ಹೋಗಿದ್ದೆ. ಅವರು ನೀರು ಕುಡಿದು, ‘ನೀವು ಓದಿದ್ದು ಕನ್ನಡ ಅಂತ ಕೇಳೇನಿ. ನನಗ ಕವಿತಾ ಗಿವಿತಾ ತಿಳಿಯೂದಿಲ್ರಿ. ತಿಳಿತೈತಿ ಅಂತ ಹೇಳಿ ಆಮ್ಯಾಲೆ ಸಿಕ್ಕಿಬೀಳೂದು ಬ್ಯಾಡ ಅಂತ ಈಗ ಹೇಳೇನಿ’ ಎಂದರು. ನನಗೆ ಆ ಮಾತು ಹಿಡಿಸಿತು. ಈ ಮನೆಗೆ ಬಂದ ಯಾವ ಗಂಡಸೂ ನನ್ನ ಓದಿನ ಬಗ್ಗೆ ನನ್ನೊಂದಿಗೆ ಮಾತಾಡಿದ್ದಿಲ್ಲ. ಅವರು ತಂಬಿಗೆಯನ್ನು ನನ್ನ ಕೈಗೆ ಕೊಡದೆ ತಾವೇ ಒಯ್ದು ಹೊಸ್ತಿಲಲ್ಲಿಟ್ಟರು. ಅವತ್ತಿನಿಂದ ನನ್ನ ಮನಸ್ಸು ಅವರ ಕಡೆ ವಾಲಿದೆ, ಇದನ್ನು ನಿನಗೇ ಮೊದಲು ಬರೆಯುತ್ತಿದ್ದೇನೆ. ಆದರೆ ಆ ಮಾತು ಕೇಳುವಾಗಲೂ ನನ್ನ ಕಣ್ಣು ಎಲ್ಲಿತ್ತು ಹೇಳು? ಅವರ ಹಿಮ್ಮಡಿಯ ಮೇಲೆ. ಖರೇ ಹೇಳುತ್ತಿದ್ದಾರೋ ಸುಳ್ಳೋ ಎಂದು ನೆಲ ನೋಡುತ್ತಿದ್ದೆ. ಒಬ್ಬರು ಮನಸ್ಸು ಬಿಚ್ಚಿ ಆಡಿದ ಮಾತನ್ನು ಪಾದ ನೋಡಿ ತೂಗುವ ಗತಿ ನನಗೆ ಬಂದಿದೆ.

ಅಷ್ಟೇ ಅಲ್ಲ. ನೀನು ಹಿತ್ತಿಲಿನ ಕಲ್ಲಿಗೆ ಬಿದ್ದು ಮೊಣಕಾಲು ಬಾವು ಬಂದಾಗ ತಣ್ಣೀರಿನ ಬಟ್ಟೆ ಕಟ್ಟಿದವರು ಅವರು. ಸಂಕ್ರಾಂತಿಗೆ ತಮ್ಮ ಕಾಕಾನ ಜೊತೆ ಕುಸುರೆಳ್ಳು ಕೊಡಲು ಬಂದವರು ಅವ್ವನನ್ನು, ‘ಬಸಲಿಂಗನ ಮೊಣಕಾಲು ಹೆಂಗೈತ್ರಿ? ಬಲಕ್ಕ ತಿರಗೂಮುಂದ ಇನ್ನೂ ನೋವಾಗತೈತೇನ್ರಿ?’ ಎಂದು ಕೇಳಿದರು. ಅವ್ವನಿಗೆ ಅದು ಅಂತಃಕರಣವಾಗಿ ಕೇಳಿಸಿತು. ಅಂಥ ಹುಡುಗ ಸಿಗುವುದಿಲ್ಲ ಎಂದಳು. ನನಗೆ ಹಾಗೆ ಕೇಳಿಸಲಿಲ್ಲ. ಬಲಕ್ಕೆ ಎಂದು ಯಾಕೆ ಕೇಳಿದರು? ಅವರೂ ನಿನ್ನನ್ನು ಅಳೆಯುತ್ತಿದ್ದಾರೆಯೇ? ಗುರುವಾರ ನಿನ್ನ ಆ ಕಾಲಿನ ಕಡೆಯಿಂದಲೇ ನುಗ್ಗಲು ನಮ್ಮ ಮನೆಯ ಚಹಾ ಕುಡಿಯುತ್ತಿದ್ದಾರೆಯೇ? ಅಥವಾ ಬಟ್ಟೆ ಕಟ್ಟಿದವರು ಸಹಜವಾಗಿ ಕೇಳಿದರೇ? ನನಗೆ ತಿಳಿಯಲಿಲ್ಲ. ನೀನು ನನ್ನಲ್ಲಿ ಹುಟ್ಟಿಸಿದ ಸಂಶಯ ಅವರನ್ನೂ ಬಿಡಲಿಲ್ಲ.

ಇವತ್ತು ಟೊಪ್ಪಿಗೆ ಹಾಕಿಕೊಳ್ಳುತ್ತ ಅಪ್ಪ, ಸಂಕ್ರಾಂತಿ ಆಯಿತು, ಈ ವಾರ ಸಕ್ಕರೆ ಒಯ್ಯೋಣ ಎಂದರು. ‘ಶುಕ್ರವಾರ ಮಾತಾಡೂಣ್ರಿ’ ಎಂದೆ ನೀನು. ನೀನು ಹೋದ ಮೇಲೆ ಅಕ್ಕಿ ಕೇರುತ್ತ ಅವ್ವ ನನಗೆ ಮೆಲ್ಲಗೆ ಹೇಳಿದಳು: ‘ನಿಮ್ಮಣ್ಣಗ ಆ ಮನೆತನ ಮನಸಿಗೆ ಬಂದಿಲ್ಲ ಅಂತ ಕಾಣ್ತೈತವಾ. ಬ್ಯಾರೆ ಕಡೆ ನೋಡೂಣು, ಶುಕ್ರವಾರ ನಾನ ಅಪ್ಪಗ ಹೇಳ್ತೀನಿ ಅಂದ. ನೀ ಆಶಾ ಇಟಗೋಬ್ಯಾಡ.’ ಅವಳ ಕೈಯಲ್ಲಿ ಮೊರ ಆಡುತ್ತಲೇ ಇತ್ತು. ನಾನು ಕಲ್ಲು ಆರಿಸುತ್ತಿದ್ದೆ, ಅಕ್ಕಿಯನ್ನೂ ಕಲ್ಲಿನ ಜೊತೆ ಎಸೆದೆನಂತೆ.

ನೀನು ಏನು ಉತ್ತರ ಕೊಡುತ್ತೀ ಎಂಬುದು ನನಗೆ ಗೊತ್ತು. ಎದುರಾಳಿಯನ್ನು ನೋಡುವುದೇ ಡಿಫೆನ್ಸ್, ಹಿಮ್ಮಡಿ ನೋಡಬೇಡಿ ಎಂದು ಯಾವ ನಿಯಮವೂ ಇಲ್ಲ, ಬಾಳಪ್ಪನಿಗೆ ಕಣ್ಣಿಲ್ಲವೇ, ಅವನೂ ನೋಡಲಿ ಎನ್ನುತ್ತೀ. ಒಪ್ಪುತ್ತೇನೆ. ಮೈದಾನದಲ್ಲಿ ನೋಡಿ ಹಿಡಿದಿದ್ದರೆ ನಾನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದೆ. ಆದರೆ ಅವರು ಆ ದಿನ ಚಪ್ಪಲಿ ಕಳಚಿ ನಮ್ಮ ಮನೆಯೊಳಗೆ ಬಂದಿದ್ದರು. ಹೆಣ್ಣು ನೋಡಲು ಬಂದಿದ್ದರು, ಆಟಕ್ಕಲ್ಲ. ನಾನು ಕಣ್ಣು ಕೆಳಗೆ ಮಾಡಿದ್ದು ನಾಚಿ. ಅದನ್ನು ನೀನು ನಿನ್ನ ತಂಡಕ್ಕೆ ಒಯ್ದೆ. ಒಯ್ದದ್ದನ್ನು ಕ್ಷಮಿಸಬಹುದಿತ್ತು. ಆದರೆ ಅದು ಪಕ್ಕಾ ಆಗುವ ತನಕ ನನ್ನನ್ನು ಹೌದು ಅಲ್ಲಗಳ ನಡುವೆ ಕೂರಿಸಿದೆ, ಅವರು ಬಂದು ಹೋಗುತ್ತಿರಲಿ ಎಂದು. ಕೆಲಸ ತೀರಿದ ಮರುದಿನ ಅವರ ಮನೆತನ ನಿನಗೆ ಮನಸ್ಸಿಗೆ ಬರುವುದಿಲ್ಲ. ಮುರಿದ ಸಂಬಂಧದ ಹುಡುಗಿ ಎಂದು ಓಣಿಯಲ್ಲಿ ಕರೆಸಿಕೊಳ್ಳುವವಳು ನಾನು. ಇದನ್ನು ಯೋಚಿಸದೆ ಮಾಡಿದ್ದೀ ಎಂದು ನಂಬಲು ನೋಡುತ್ತೇನೆ. ನೀನು ಎಲ್ಲವನ್ನೂ ಯೋಚಿಸಿ ಮಾಡುವವನು, ಅದೇ ತೊಂದರೆ.

ಕಾಲೇಜಿನಲ್ಲಿ ಇದು ನಿನ್ನ ಕೊನೆಯ ವರ್ಷ, ಆಯ್ಕೆ ಮಾಡುವವರು ಗುರುವಾರ ಬರುತ್ತಾರೆ, ನೀನು ಗೆಲ್ಲಬೇಕೆಂಬ ಆಸೆ ನನಗೂ ಇದೆ. ಆದರೂ ನೀನು ಹೋದಾಗಿನಿಂದ ಯೋಚಿಸಿ ಒಂದು ನಿಶ್ಚಯಕ್ಕೆ ಬಂದಿದ್ದೇನೆ. ಬೆನ್ನ ಹಿಂದೆ ಮಾಡಬಾರದೆಂದು ನಿನಗೆ ಮೊದಲೇ ತಿಳಿಸುತ್ತಿದ್ದೇನೆ. ಈ ಪತ್ರ ನಾಳೆ ಅಥವಾ ಮಂಗಳವಾರ ನಿನ್ನ ಕೈ ಸೇರುತ್ತದೆ. ಓದಿ ನೀನೇ ಬಾಳಪ್ಪನವರಿಗೆ ಎಲ್ಲ ಹೇಳಿದರೆ ನನ್ನ ಕೆಲಸ ಹಗುರಾಗುತ್ತದೆ. ಹೇಳದಿದ್ದರೂ ಸರಿ.

ಇವತ್ತು ರಾತ್ರಿ ಅಪ್ಪ ಊಟಕ್ಕೆ ಕುಳಿತಾಗ, ಶುಕ್ರವಾರ ಯಾರೂ ಯಾರಿಗೂ ಏನೂ ಹೇಳಿ ಕಳಿಸಬೇಡಿ, ಹೌದೋ ಅಲ್ಲವೋ ನಾನೇ ಹೇಳುತ್ತೇನೆ ಎನ್ನುತ್ತೇನೆ.  ಗುರುವಾರ ಮುಂಜಾನೆಯ ಗಾಡಿಗೆ ಬೆಳಗಾವಿಗೆ ಬಂದು, ಭೀಮಕ್ಕತ್ತೆಯನ್ನು ಕರೆದುಕೊಂಡು ಮೈದಾನಕ್ಕೆ ಬರುತ್ತೇನೆ. ಆಟ ಶುರುವಾಗುವ ಮೊದಲು, ನೀನು ಕೇಳುವಷ್ಟು ಹತ್ತಿರದಲ್ಲಿ ನಿಂತು, ನಿಮ್ಮ ಬಲಗಾಲಿನ ಹಿಮ್ಮಡಿ ಹೀಗೆ ಮಾಡುತ್ತದೆ, ಅದನ್ನು ಮೊದಲು ಕಂಡವಳು ನಾನು, ಇವರಿಗೆಲ್ಲ ಅದು ಗೊತ್ತಿದೆ ಎಂದು ಬಾಳಪ್ಪನವರಿಗೆ ಹೇಳುತ್ತೇನೆ. ನಮ್ಮಣ್ಣನ ಮೊಣಕಾಲಿನ ಬಗ್ಗೆ ಯಾಕೆ ಕೇಳಿದಿರಿ ಎಂದೂ ಅಲ್ಲಿಯೇ ಕೇಳುತ್ತೇನೆ. ಅವರು ನಗಬಹುದು, ಸಿಟ್ಟಾಗಬಹುದು, ನಮ್ಮ ಮನೆಯ ಸಹವಾಸವೇ ಬೇಡವೆಂದು ನಡೆದುಬಿಡಬಹುದು. ಏನೇ ಆದರೂ ಅಷ್ಟು ಹೊತ್ತೂ ನಾನು ಅವರ ಮುಖ ನೋಡುತ್ತೇನೆ. ನನ್ನ ಉತ್ತರ ಅಲ್ಲಿಂದ ಬರುತ್ತದೆ.

ಆಮೇಲೆ ನೀವು ಹತ್ತೂ ಜನ ಆಡಿರಿ. ನಾನು ಕೊನೆಯ ತನಕ ಇರುತ್ತೇನೆ. ನಿನ್ನ ತಂಡ ಚೆನ್ನಾಗಿ ತಡೆಯಲಿ, ನಿನ್ನ ಹೆಸರು ಆಯ್ಕೆಯಲ್ಲಿ ಬರಲಿ, ಮತ್ತು ನೀನು ಮನೆಗೆ ಬಂದು ನನ್ನೆದುರು ಕುಳಿತು ಊಟ ಮಾಡುವ ಹಾಗಿರಲಿ ಎಂದು ಬಸವಣ್ಣನಲ್ಲಿ ಬೇಡಿಕೊಳ್ಳುತ್ತೇನೆ.

ಗುರುವಾರ ಕಾಣುತ್ತೇನೆ.

ನಿನ್ನ ತಂಗಿ,
ಚಂದ್ರವ್ವ